ಹೆಜ್ಜೆಯ ಲೆಕ್ಕ

ಅಂಗಡಿಯಲ್ಲಿ ಕುಳಿತ ವ್ಯಾಪಾರಿಗೆ ಎರಡು ಬಗೆಯ ಲೆಕ್ಕಗಳಿರುತ್ತವೆ. ಒಂದು, ಕಿರ್ದಿ ಪುಸ್ತಕದಲ್ಲಿ ಬರೆದಿಡುವ ಹಣದ ಲೆಕ್ಕ. ಇನ್ನೊಂದು, ಎಲ್ಲಿಯೂ ಬರೆಯದೆ ಕಣ್ಣಿನಲ್ಲಿಯೇ ಉಳಿಯುವ ಲೆಕ್ಕ. ಗದಗ ಜಿಲ್ಲೆಯ ಶಿಗ್ಲಿ ನೇಕಾರರು ನೆಲೆಸಿದ ಊರು. ಅಲ್ಲಿ ಸೀರೆ ಕೊಳ್ಳಲು ಬಂದ ಗಿರಾಕಿ ಯಾವ ದಡಿಯನ್ನು ಮುಟ್ಟಿ ನೋಡಿದಳು, ಯಾವ ಬಣ್ಣದ ಮುಂದೆ ತಡೆದು ನಿಂತಳು, ಬೆಲೆ ಕೇಳಿದೊಡನೆ ಯಾವುದನ್ನು ಮಡಿಚಿ ಕೆಳಗಿಟ್ಟಳು ಎಂಬುದನ್ನು ಮಾರುವವನು ಗಮನಿಸದೆ ಇರನು. ಮುಂದೆ ಮಗ್ಗಕ್ಕೆ ಯಾವ ಬಣ್ಣದ ನೂಲು ಏರಿಸಬೇಕೆಂಬುದು ಆ ಗಮನದಿಂದಲೇ ತಿಳಿಯುತ್ತದೆ. ಇದರಲ್ಲಿ ಕಪಟವಿಲ್ಲ, ಅವನು ನೋಡುತ್ತಿರುವುದು ಗಿರಾಕಿಗೂ ಕಾಣುತ್ತಿರುತ್ತದೆ.

ಅಂತಹ ನೇಕಾರನೊಬ್ಬನು ತನ್ನ ಸೀರೆಗಳನ್ನು ಜಾಲತಾಣದಲ್ಲಿ ಮಾರಾಟಕ್ಕಿಟ್ಟನೆಂದು ಭಾವಿಸೋಣ. ಈಗ ಗಿರಾಕಿಯ ಮುಖ ಕಾಣದು. ಬಂದವರೆಷ್ಟು, ಬರಿಗೈಯಲ್ಲಿ ಮರಳಿದವರೆಷ್ಟು ಎಂಬುದೂ ತಿಳಿಯದು. ಈ ಕೊರತೆಯನ್ನು ನೀಗಲು ಪ್ರತಿಯೊಂದು ಪುಟದಲ್ಲಿಯೂ ಎಣಿಕೆಯ ಪುಟ್ಟ ಸಂಕೇತಾವಳಿಯನ್ನು ಸೇರಿಸುತ್ತಾರೆ. ಪುಟ ತೆರೆದಾಗಲೆಲ್ಲ ಅದು ದೂರದ ಗಣಕಯಂತ್ರಕ್ಕೆ ಸುದ್ದಿ ಮುಟ್ಟಿಸುತ್ತದೆ: ನೋಡಿದ ಪುಟ ಯಾವುದು, ಹೊತ್ತು ಎಷ್ಟು, ಬಳಸಿದ ಯಂತ್ರ ಎಂತಹದು. ಮತ್ತೆ ಬಂದವರನ್ನು ಗುರುತಿಸಲು ಅವರ ಯಂತ್ರದಲ್ಲಿಯೇ ಒಂದು ಗುರುತಿನ ಚೀಟಿಯನ್ನು ಇರಿಸುತ್ತದೆ. ‘ಕುಕಿ’ ಎಂಬ ಈ ಚೀಟಿಯನ್ನು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಎಂಬುವರು ರೂಪಿಸಿದರು. 2005ರಲ್ಲಿ ಗೂಗಲ್ ಸಂಸ್ಥೆಯು ಎಣಿಕೆಯ ಸಾಧನವನ್ನು ಉಚಿತವಾಗಿ ನೀಡತೊಡಗಿದ ಮೇಲೆ ಇದು ಸಣ್ಣ ವ್ಯಾಪಾರಿಗಳಿಗೂ ಎಟುಕಿತು.

ಈ ಲೆಕ್ಕದಿಂದ ಲಾಭವಿದೆ. ಸೀರೆಯನ್ನು ಆರಿಸಿದವರಲ್ಲಿ ಬಹುಮಂದಿ ಹಣ ಕಟ್ಟುವ ಪುಟದಿಂದ ಹಿಂದಿರುಗುತ್ತಿದ್ದರೆ, ತೊಡಕು ಆ ಪುಟದಲ್ಲಿರಬಹುದೆಂದು ನೇಕಾರನು ಊಹಿಸಿ ಅದನ್ನು ಸರಿಪಡಿಸಬಲ್ಲನು. ಆದರೆ ಅಂಗಡಿಕಾರನ ಕಣ್ಣು ಹೊಸ್ತಿಲಿನವರೆಗೆ ಮಾತ್ರ ಹೋಗುತ್ತದೆ. ಒಂದೇ ಸಾಧನವು ಸಾವಿರಾರು ತಾಣಗಳಲ್ಲಿ ಕುಳಿತಾಗ ಅದರ ಕಣ್ಣು ಗಿರಾಕಿಯ ಬೆನ್ನು ಹತ್ತಿ ಬೀದಿ ಬೀದಿ ತಿರುಗಬಲ್ಲದು. ಬೆಳಿಗ್ಗೆ ಸೀರೆ ನೋಡಿದವಳು ಮಧ್ಯಾಹ್ನ ಯಾವ ರೋಗದ ಮದ್ದು ಹುಡುಕಿದಳು, ಸಂಜೆ ಯಾವ ಸಾಲದ ಬಡ್ಡಿ ವಿಚಾರಿಸಿದಳು ಎಂಬುದೆಲ್ಲ ಒಂದೆಡೆ ಪೋಣಿಸಲ್ಪಡಬಹುದು. ಅವಳಿಗೆ ಮಾತ್ರ ಅದರ ಸುಳಿವೇ ಇರದು.

ಇಂತಹ ಕಾಲದಲ್ಲಿ ಮನುಷ್ಯನಿಗೆ ತನ್ನದೆಂಬ ಮರೆ ಇರಬೇಕೆ? ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಅವರ ಮೊಕದ್ದಮೆಯಲ್ಲಿ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಕಾನೂನೊಂದನ್ನು ಮಾಡಿತು. ಹದಿನೆಂಟು ತುಂಬದ ಮಕ್ಕಳ ಜಾಡು ಹಿಡಿಯುವುದನ್ನು, ಕೆಲವು ವಿನಾಯಿತಿಗಳ ಹೊರತು, ಆ ಕಾನೂನು ನಿಷೇಧಿಸುತ್ತದೆ.

ಕಾನೂನು ದಾರಿ ತೋರಬಲ್ಲದು, ನಡೆಯಬೇಕಾದವನು ಮನುಷ್ಯನೇ. ಬೇಕಾದಷ್ಟನ್ನೇ ಎಣಿಸುವುದು, ಏಕೆ ಎಣಿಸುತ್ತೇವೆಂದು ಮೊದಲೇ ತಿಳಿಸುವುದು, ಬೇಡವೆಂದವರನ್ನು ಬಿಟ್ಟುಬಿಡುವುದು, ಕೆಲಸ ತೀರಿದ ಮೇಲೆ ಲೆಕ್ಕವನ್ನು ಅಳಿಸುವುದು: ಇಷ್ಟನ್ನು ಪಾಲಿಸಿದರೆ ನೇಕಾರನ ಮಗ್ಗವೂ ನಡೆದೀತು, ಗಿರಾಕಿಯ ಮಾನವೂ ಉಳಿದೀತು. ಇಂದು ಮೊಬೈಲ್ ಹಿಡಿದ ಮಕ್ಕಳು ನಾಳೆ ಇಂತಹ ಸಂಕೇತಗಳನ್ನು ಬರೆಯುವವರಾಗಬಹುದು. ಎಣಿಸಲ್ಪಡುವ ಪ್ರತಿಯೊಂದು ಹೆಜ್ಜೆಯ ಹಿಂದೆ ಒಬ್ಬ ಮನುಷ್ಯನಿರುವನೆಂಬುದನ್ನು ಅವರು ಮರೆಯಬಾರದು.