ಮೊಟ್ಟೆಯ ಪಕ್ಕ ಬಿದ್ದ ಮೂರು ಗುಂಡು

ಸೆಪ್ಟೆಂಬರ್ 3ಕ್ಕೆ ರಜೆ ಹಾಕ್ತೀನಿ ಅಂತ ನನ್ನ ಟೀಮಿನ ಗೆಳೆಯ ಪ್ರತಿವರ್ಷ ಆಗಸ್ಟ್‌ನಲ್ಲೇ ಹೇಳಿಬಿಡ್ತಾನೆ. ರಿಲೀಸ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅವತ್ತು ಅವರ ಮನೆಯಲ್ಲಿ ಕೈಲ್ ಪೊಳ್ದ್. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಒರೆಸಿ ಕನ್ನಿ ಕೋಂಬರೆಯಲ್ಲಿಟ್ಟು, ಹೂವಿಟ್ಟು ಪೂಜೆ ಮಾಡುವ ಹಬ್ಬ. ಈ ಸಲ ‘ನೀನೂ ಬಾ’ ಅಂದ. ಕಡುಂಬುಟ್ಟು, ಪಂದಿ ಕರಿ ಅಂತ ಕೇಳಿದ ಮೇಲೆ ನಾನು ಜಾಸ್ತಿ ಯೋಚಿಸಲಿಲ್ಲ. ಆಮೇಲೆ ಕಾರಿನಲ್ಲಿ, ಕುಶಾಲನಗರ ದಾಟಿದ ಮೇಲೆ, ಮೆಲ್ಲಗೆ ಹೇಳಿದ: ‘ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆನೂ ಇರುತ್ತೆ.’

ನನ್ನ ಹೊಟ್ಟೆಯಲ್ಲಿ ಸಣ್ಣಗೆ ಏನೋ ಹಿಂಡಿದ ಹಾಗಾಯಿತು. ಅದಕ್ಕೆ ಕಾರಣವಿದೆ.

ಪಿಯುಸಿಯಲ್ಲಿದ್ದಾಗ ನಾನು ಎನ್‌ಸಿಸಿ ಕೆಡೆಟ್. ನಮ್ಮಪ್ಪ ಆಗಲೇ ನೆಂಟರಿಗೆಲ್ಲ ‘ಮಗ ಮಿಲಿಟರಿ ಆಫೀಸರ್ ಆಗ್ತಾನೆ’ ಅಂತ ಹೇಳಿಕೊಂಡು ಓಡಾಡುತ್ತಿದ್ದರು. ಕ್ಯಾಂಪಿನಲ್ಲಿ ಪಾಯಿಂಟ್ 22 ರೈಫಲ್, 25 ಗಜ ದೂರ, ಮಲಗಿಕೊಂಡು ಐದು ಗುಂಡು. ಹೊಡೆದೆ. ಹೋಗಿ ನೋಡಿದರೆ ನನ್ನ ಟಾರ್ಗೆಟ್ ಅಂಗಡಿಯಿಂದ ಈಗ ತಂದಷ್ಟು ಹೊಸದಾಗಿತ್ತು! ಎಡಗಡೆಯ ಹುಡುಗನ ಹಾಳೆಯಲ್ಲಿ ಮಾತ್ರ ಎಂಟು ತೂತು. ತರಬೇತಿ ಕೊಡುತ್ತಿದ್ದವರು ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿ, ‘ಇವನು ನಮ್ಮ ಕಡೆಯವನಾ, ಶತ್ರು ಕಡೆಯವನಾ ವಿಚಾರಿಸಿ’ ಅಂದರು. ನಗು ನಿಲ್ಲಲಿಲ್ಲ. ಮುಂದಿನ ವಾರದಿಂದ ನಾನು ಪರೇಡಿಗೆ ಹೋಗಲಿಲ್ಲ. ಅಪ್ಪನಿಗೆ ‘ಸಿಇಟಿ ಓದಬೇಕು’ ಅಂದೆ. ನಿಜ ಹೇಳಿರಲಿಲ್ಲ.

ಗೆಳೆಯನ ಅಜ್ಜ ಕಣ್ಣಿನ ಪರೀಕ್ಷೆಗೆಂದು ಮಡಿಕೇರಿಗೆ ಬಂದಿದ್ದರು. ಪೊರೆ ಬಂದಿದೆ, ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿದ್ದರಂತೆ. ವಯಸ್ಸು 78, ಸೈನ್ಯದಲ್ಲಿ ಹವಾಲ್ದಾರ್ ಆಗಿ ನಿವೃತ್ತರು. ಊಟಕ್ಕೆ ಮೊದಲು ‘ಸನ್ನಿ ಸೈಡ್‌ಗೆ ಹೋಗೋಣ’ ಅಂದರು. ಜನರಲ್ ತಿಮ್ಮಯ್ಯನವರು ಬೆಳೆದ ಮನೆ ಅದು. 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಮ್ಯೂಸಿಯಂ ಆಗಿ ಉದ್ಘಾಟಿಸಿದರು. ಹೆಂಚಿನ ಮಾಡು, ಮರದ ಕಿಟಕಿ, ಹೊರಗೆ ಟ್ಯಾಂಕು. ನಾವು ಟ್ಯಾಂಕಿನ ಮುಂದೆ ಸೆಲ್ಫಿ ತೆಗೆಯುತ್ತಿದ್ದರೆ ಅಜ್ಜ ನೇರ ಆಯುಧಗಳ ಕೋಣೆಗೆ ಹೋಗಿ ಗಾಜಿಗೆ ಮೂಗು ತಾಗಿಸಿ ನಿಂತಿದ್ದರು.

‘ಬಂದೂಕನ್ನ ಬಣ್ಣದಿಂದ ಗುರುತು ಹಿಡಿಯಬೇಡ. ಸೈಟ್ ಎಲ್ಲಿದೆ ನೋಡು’ ಅಂದರು.

ದುರ್ಬೀನು ಇಲ್ಲದ ಬಂದೂಕಿಗೆ ಗುರಿ ಹಿಡಿಯಲು ಇರುವ ಎರಡು ಕಬ್ಬಿಣದ ತುಣುಕುಗಳೇ ಐರನ್ ಸೈಟ್. ನಳಿಗೆಯ ತುದಿಯಲ್ಲಿ ಒಂದು ಕಡ್ಡಿ, ಹಿಂದೆ ಒಂದು ಕಚ್ಚು ಅಥವಾ ತೂತು. ಪಬ್‌ಜಿ ಆಡಿದವರಿಗೆ ಇದು ಗೊತ್ತೇ ಇರುತ್ತದೆ. ಆದರೆ ಆಟದಲ್ಲಿ ಮೂರೂ ಒಂದೇ ಸ್ಕ್ರೀನಿನಲ್ಲಿ ಚೊಕ್ಕವಾಗಿ ಕಾಣುತ್ತವೆ. ನಿಜವಾದ ಕಣ್ಣಿಗೆ ಆ ಸೌಭಾಗ್ಯವಿಲ್ಲ. ಹಿಂದಿನ ಕಚ್ಚು, ಮುಂದಿನ ಕಡ್ಡಿ, ದೂರದ ಗುರಿ – ಮೂರು ಬೇರೆ ಬೇರೆ ದೂರ. ಕಣ್ಣು ಒಂದು ಹೊತ್ತಿಗೆ ಒಂದನ್ನೇ ಫೋಕಸ್ ಮಾಡುತ್ತದೆ.

ಅಜ್ಜ ಸೈನ್ಯಕ್ಕೆ ಸೇರಿದಾಗ ಕಲಿತದ್ದು .303. 1962ರ ಚೀನಾ ಯುದ್ಧದಲ್ಲಿ ನಮ್ಮವರ ಕೈಯಲ್ಲಿದ್ದ, ನಂತರ ದಶಕಗಳ ಕಾಲ ಪೊಲೀಸರ ಹೆಗಲ ಮೇಲಿದ್ದ ಅದೇ ಬೋಲ್ಟ್ ರೈಫಲ್. ಅದರ ಹಿಂದಿನ ಸೈಟ್ ನಳಿಗೆಯ ಮೇಲೆ, ಕಣ್ಣಿನಿಂದ ಸಾಕಷ್ಟು ಮುಂದಕ್ಕೆ ಇದೆ. ಕಚ್ಚು ಇರುವ ತೆರೆದ ಸೈಟ್ ಅದು. ಮೇಲೆ 2000 ಗಜದವರೆಗೂ ಅಂಕಿ ಕೊರೆದಿದ್ದಾರೆ. ‘2000 ಗಜದಲ್ಲಿ ಮನುಷ್ಯ ಇದ್ದಾನೋ ಹಸು ಇದೆಯೋ ಯಾರಿಗೆ ಗೊತ್ತು’ ಅಂತ ಅಜ್ಜ ನಕ್ಕರು. ಒಬ್ಬೊಬ್ಬರೇ ಅಷ್ಟು ದೂರ ಹೊಡೆಯಲಿ ಅಂತಲ್ಲ, ಇಡೀ ದಳ ಒಟ್ಟಿಗೆ ಗುಂಡಿನ ಮಳೆ ಸುರಿಸುವ ಕಾಲದ ಲೆಕ್ಕ ಅದು.

ಆಮೇಲೆ ಬಂದದ್ದು ಇಚ್ಛಾಪುರ ಕಾರ್ಖಾನೆಯ ಎಸ್‌ಎಲ್‌ಆರ್. ಅದರಲ್ಲಿ ಕಚ್ಚು ಹೋಗಿ ತೂತು ಬಂತು, ಅದೂ ಕಣ್ಣಿಗೆ ಹತ್ತಿರ. ಅಂಕಿ 200ರಿಂದ 600ಕ್ಕೆ ಇಳಿಯಿತು. ‘ಮೊದಲ ದಿನವೇ ನನ್ನ ಗ್ರೂಪಿಂಗ್ ಅರ್ಧಕ್ಕೆ ಬಂತು’ ಅಂದರು ಅಜ್ಜ. ಯಾಕೆ ಅಂದರೆ, ತೂತನ್ನು ನೋಡಬೇಕಾಗಿಲ್ಲ, ತೂತಿನ ಮೂಲಕ ನೋಡಿದರೆ ಸಾಕು. ಕಣ್ಣು ತನ್ನಷ್ಟಕ್ಕೇ ಕಡ್ಡಿಯ ತುದಿಯನ್ನು ವೃತ್ತದ ನಡುವೆ ತಂದುಕೊಳ್ಳುತ್ತದೆ. ಮೂರು ಕೆಲಸ ಎರಡಾಯಿತು. ಜೊತೆಗೆ ಸಣ್ಣ ತೂತಿಗೆ ಪಿನ್‌ಹೋಲ್ ಕ್ಯಾಮೆರಾದ ಗುಣವೂ ಇದೆ, ಮಸುಕು ಕಡಿಮೆಯಾಗುತ್ತದೆ. ಕನ್ನಡಕದವರು ಈಗಲೇ ಪರೀಕ್ಷೆ ಮಾಡಬಹುದು: ಕನ್ನಡಕ ತೆಗೆಯಿರಿ, ಮುಷ್ಟಿಯನ್ನು ಮಡಚಿ ಕಿರಿದಾದ ಕಿಂಡಿ ಮಾಡಿ ಅದರೊಳಗಿಂದ ಇದೇ ಸಾಲನ್ನು ಓದಿ.

ನಾನು ಎಂಜಿನಿಯರ್ ಬುದ್ಧಿ ಓಡಿಸಿ ಫೋನಿನಲ್ಲಿ ಲೆಕ್ಕ ಹಾಕಿದೆ. .303ರಲ್ಲಿ ಎರಡು ಸೈಟ್‌ಗಳ ನಡುವೆ ಸುಮಾರು 49 ಸೆಂ.ಮೀ. ಕಡ್ಡಿ 1 ಮಿ.ಮೀ. ಅತ್ತಿತ್ತ ಆದರೆ 100 ಮೀಟರಿನಲ್ಲಿ 20 ಸೆಂ.ಮೀ. ತಪ್ಪು. ಎಸ್‌ಎಲ್‌ಆರ್‌ನಲ್ಲಿ ಆ ಅಂತರ 55 ಸೆಂ.ಮೀ. ಆಸುಪಾಸು, ತಪ್ಪು 18. ಎಕೆ-47ರಲ್ಲಿ ಬರೀ 37.8 ಸೆಂ.ಮೀ., ತಪ್ಪು 26ರ ಮೇಲೆ. ಎಕೆಯ ಮೇಲಿನ ಮುಚ್ಚಳ ಕಳಚಿ ಬರುವ ತೆಳು ತಗಡು, ಅದರ ಮೇಲೆ ಸೈಟ್ ಕೂರಿಸಿದರೆ ಅಲ್ಲಾಡುತ್ತದೆ ಅಂತ ಮುಂದಕ್ಕೆ, ನಳಿಗೆಯ ಬುಡಕ್ಕೆ ಇಟ್ಟುಬಿಟ್ಟರು. ಅಲ್ಲಿ ತೂತಿಟ್ಟರೆ ಕಣ್ಣಿಗೆ ದೂರವಾಗುತ್ತದೆ, ಹಾಗಾಗಿ ಕಚ್ಚು. ಬ್ರಿಟಿಷರು ಎರಡನೇ ಮಹಾಯುದ್ಧದ ಹೊತ್ತಿಗೆ .303ರ ಹೊಸ ಮಾದರಿಯಲ್ಲಿ ಸೈಟನ್ನು ಕಣ್ಣಿನ ಹತ್ತಿರಕ್ಕೆ ತಂದು ತೂತು ಮಾಡಿಕೊಂಡರು. ಆದರೆ ಇಚ್ಛಾಪುರದಲ್ಲಿ ಹಳೇ ಮಾದರಿಯೇ ತಯಾರಾಗುತ್ತಾ ಉಳಿಯಿತು. ಅಂದರೆ ನಮ್ಮ ಜವಾನರು ಇನ್ನೂ ಬಹಳ ವರ್ಷ ಕಚ್ಚಿನಲ್ಲೇ ಕಣ್ಣು ಕಿರಿದು ಮಾಡಬೇಕಾಯಿತು. ಲೆಗಸಿ ಕೋಡ್ ಅಂದರೆ ಇದೇ ಅಲ್ಲವೇ!

ಮರುದಿನ ಮೂರ್ನಾಡಿನ ಹತ್ತಿರದ ಅವರ ಊರು. ಬೆಳಗ್ಗಿನಿಂದ ಜಿಟಿಜಿಟಿ ಮಳೆ, ಗದ್ದೆಗಳಲ್ಲಿ ನಾಟಿ ಮುಗಿದ ಹಸಿರು. ಪೂಜೆ ಮುಗಿದ ಮೇಲೆ ಕೋವಿಯ ಮೂತಿಗೆ ತೋಕ್ ಪೂ ಸಿಕ್ಕಿಸಿದರು. ಕೆಂಪು–ಹಳದಿ ಜ್ವಾಲೆಯ ಹಾಗಿರುವ ಈ ಕಾಡುಹೂವಿನ ಹೆಸರಲ್ಲೇ ತೋಕ್, ಅಂದರೆ ಕೋವಿ, ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆಯುತ್ತಿರುವ ಅವನ ತಂಗಿಯ ಮಗಳು, ಏಳು ವರ್ಷದವಳು, ಹೂವಿಟ್ಟ ಕೋವಿಗೆ ಅಕ್ಕಿ ಹಾಕಿ ಕೈಮುಗಿದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಊಟವಾದ ಮೇಲೆ ಮೈದಾನ. ಮೂರು ವಿಭಾಗ. ದೂರದ ಮರಕ್ಕೆ ಕಟ್ಟಿದ ಕಾಯಿಗೆ .22, ಅದಕ್ಕಿಂತ ಹತ್ತಿರದ ಕಾಯಿಗೆ 12 ಬೋರ್, ಎಲ್ಲಕ್ಕಿಂತ ಹತ್ತಿರ 15 ಮೀಟರಿನಲ್ಲಿ ಕೋಳಿಮೊಟ್ಟೆ, ಅದಕ್ಕೆ ಏರ್‌ಗನ್. ಹೊರಗಿನವರು ಏರ್‌ಗನ್‌ಗೆ ಸೇರಬಹುದು ಅಂತ ಗೆಳೆಯ ನನ್ನ ಹೆಸರು ಬರೆಸಿಬಿಟ್ಟಿದ್ದ.

ನಾನು ಅಜ್ಜನ ಪಕ್ಕ ಹೋಗಿ ನಿಂತು ಎಂಟು ತೂತಿನ ಕತೆ ಹೇಳಿದೆ. ಹನ್ನೆರಡು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಅವರು ನಗಲಿಲ್ಲ. ‘ಎರಡೂ ಕಣ್ಣು ಬಿಟ್ಟು ಆ ಕಾಯಿಗೆ ಬೆರಳು ತೋರಿಸು’ ಅಂದರು. ತೋರಿಸಿದೆ. ‘ಈಗ ಎಡಗಣ್ಣು ಮುಚ್ಚು.’ ಮುಚ್ಚಿದೆ. ಬೆರಳು ಕಾಯಿಯಿಂದ ಜಿಗಿದು ಎಲ್ಲೋ ಪಕ್ಕದ ಬಾಳೆಗಿಡಕ್ಕೆ ಹೋಗಿ ಕೂತಿತ್ತು. ‘ನಿನ್ನ ಮಾಸ್ಟರ್ ಕಣ್ಣು ಎಡದ್ದು. ನೀನು ಬಲಗೈಯವನು. ಬಲ ಹೆಗಲಿಗೆ ರೈಫಲ್ ಇಟ್ಟು ಎಡಗಣ್ಣಲ್ಲಿ ಫೋರ್‌ಸೈಟ್ ಟಿಪ್ ನೋಡಿದ್ದೀಯ. ಇನ್ನೆಲ್ಲಿ ಹೋಗುತ್ತೆ ಗುಂಡು?’

ನನ್ನ ಬಲಗಣ್ಣಿನ ನಂಬರ್ ಚಿಕ್ಕಂದಿನಿಂದ ಜಾಸ್ತಿ. ಎಡಗಣ್ಣು ಮುಚ್ಚು ಅಂದರೂ ಆಗ ಅರ್ಧಂಬರ್ಧ ಮುಚ್ಚುತ್ತಿದ್ದೆ, ಕುತ್ತಿಗೆ ವಾಲಿಸುತ್ತಿದ್ದೆ. ನಿಂತಲ್ಲೇ ಲೆಕ್ಕ ಹಾಕಿದೆ. ಎರಡು ಕಣ್ಣಿನ ನಡುವೆ 6 ಸೆಂ.ಮೀ., ಕಣ್ಣಿನಿಂದ ತುದಿಯ ಕಡ್ಡಿಗೆ 80 ಸೆಂ.ಮೀ. ಹಿಡಿದರೆ, 25 ಗಜದಲ್ಲಿ ಗುಂಡು ಒಂದೂಮುಕ್ಕಾಲು ಮೀಟರಿನಷ್ಟು ಎಡಕ್ಕೆ ಹೋಗಬೇಕು. ಪಕ್ಕದ ಹುಡುಗನ ಟಾರ್ಗೆಟ್ ಹೆಚ್ಚೂಕಡಿಮೆ ಅಲ್ಲೇ ಇತ್ತು.

ಅಷ್ಟರಲ್ಲಿ ಅಜ್ಜನ ಹೆಸರು ಕರೆದರು. .22 ಎತ್ತಿ, ಕಚ್ಚಿನಲ್ಲಿ ಕಣ್ಣಿಟ್ಟು, ಬಹಳ ಹೊತ್ತು ಹಾಗೇ ನಿಂತರು. ಹೊಡೆಯದೆ ಇಳಿಸಿದರು. ‘ಮೂರೂ ಹತ್ತಿ ಹತ್ತಿ ಕಾಣುತ್ತೆ’ ಅಂದರು. ನನ್ನ ತಲೆಗೆ ಹೊಳೆದದ್ದು ಹೇಳಿದೆ: ಕನ್ನಡಕದ ಗಾಜಿಗೆ ಕಪ್ಪು ಟೇಪ್ ಅಂಟಿಸಿ ಸೂಜಿಯಿಂದ ಒಂದು ತೂತು ಮಾಡಿದರೆ ಎಸ್‌ಎಲ್‌ಆರ್ ಸೈಟನ್ನೇ ಮುಖದ ಮೇಲೆ ಇಟ್ಟ ಹಾಗೆ. ಟೇಪನ್ನು ಮೈಕ್‌ನವನ ಹತ್ತಿರ ಇಸಕೊಂಡು ಬಂದೆ. ಅಜ್ಜ ಹಾಕಿ ನೋಡಿ, ‘ಕಡ್ಡಿ ಚೆನ್ನಾಗಿ ಕಾಣ್ತದೆ’ ಅಂದರು. ಆದರೆ ಸ್ಪರ್ಧೆಗೆ ಒಪ್ಪಲಿಲ್ಲ, ಊರಿನವರ ಮುಂದೆ ವೇಷ ಬೇಡವಂತೆ. 12 ಬೋರ್ ಕೈಗೆ ತಗೊಂಡರು. ಅದರಲ್ಲಿ ಹಿಂದಿನ ಸೈಟೇ ಇಲ್ಲ, ತುದಿಯಲ್ಲಿ ಮೆಣಸಿನಕಾಳಿನಷ್ಟು ಹಿತ್ತಾಳೆ ಮಣಿ ಮಾತ್ರ. ‘ಹಿಂದಿನ ಸೈಟ್ ಎಲ್ಲಿ?’ ಅಂತ ನಾನು ಹಿಂದಿನ ದಿನವೇ ಕೇಳಿದ್ದೆ. ಕೆನ್ನೆ ತಟ್ಟಿ ತೋರಿಸಿದ್ದರು. ಕೋವಿಯ ಹಿಡಿಗೆ ಕೆನ್ನೆ ಪ್ರತಿಸಲ ಒಂದೇ ಜಾಗದಲ್ಲಿ ಕೂತರೆ ಕಣ್ಣೇ ಹಿಂದಿನ ಸೈಟ್. ಹೆಗಲಿಗೇರಿಸಿದ್ದು ಗೊತ್ತಾಗಲಿಲ್ಲ, ಗುಂಡು ಹಾರಿತ್ತು. ಕಾಯಿ ಒಡೆದು ನೀರು ಚಿಮ್ಮಿತು. ಅವರು ಅದನ್ನು ನೋಡಿದರೋ, ಜನರ ಕೂಗಿನಿಂದ ತಿಳಿದರೋ ನನಗೆ ಗೊತ್ತಾಗಲಿಲ್ಲ.

ನನ್ನ ಸರದಿ. ಏರ್‌ಗನ್ನನ್ನು ಎಡ ಹೆಗಲಿಗಿಟ್ಟೆ. ಎಡಗೈ ಬೆರಳಲ್ಲಿ ಟ್ರಿಗರ್, ಬರವಣಿಗೆಯನ್ನೇ ಎಡಗೈಯಲ್ಲಿ ಕಲಿತ ಹಾಗೆ ವಿಚಿತ್ರ. ಹಿಂದಿನಿಂದ ಅಜ್ಜನ ದನಿ: ‘ಮೊಟ್ಟೆ ನೋಡಬೇಡ. ಮೊಟ್ಟೆ ಮಸುಕಾಗಲಿ. ಟಿಪ್ ನೋಡು.’ ಜೀವನದಲ್ಲಿ ಮೊದಲ ಸಲ ಆ ಕಡ್ಡಿಯ ತುದಿ ಪೆನ್ಸಿಲ್ ಗೆರೆಯಷ್ಟು ಚೊಕ್ಕವಾಗಿ ಕಂಡಿತು. ಮೂರು ಗುಂಡು ಹೊಡೆದೆ. ಮೊಟ್ಟೆ ಕದಲಲಿಲ್ಲ. ಯಾರೋ ಹುಡುಗರು ಸಿಳ್ಳೆ ಹಾಕಿದರು.

ಅಜ್ಜ ಮಾತ್ರ ಹಿಂದಿಟ್ಟಿದ್ದ ರಟ್ಟನ್ನು ತರಿಸಿದರು. ಮೊಟ್ಟೆ ಇದ್ದ ಜಾಗದಿಂದ ಎರಡು ಬೆರಳು ಬಲಕ್ಕೆ ಮೂರು ತೂತು, ಮೂರನ್ನೂ ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಿತ್ತು. ‘ಸೈಟ್ ಬೇರೆಯವರ ಕಣ್ಣಿಗೆ ತಿರುಗಿಸಿದ್ದಾರೆ, ಅದು ನಿನ್ನ ತಪ್ಪಲ್ಲ’ ಅಂದರು. ರಟ್ಟಿನ ಮೂಲೆಯಲ್ಲಿ ಪೆನ್ನಿನಿಂದ ತಾರೀಖು ಬರೆದು ಸಹಿ ಹಾಕಿ ಕೊಟ್ಟರು.

ರಾತ್ರಿ ಜಗಲಿಯಲ್ಲಿ ಅಜ್ಜ ಅದೇ ಟೇಪಿನ ಕನ್ನಡಕ ಹಾಕಿಕೊಂಡು, ಬಲ್ಬಿನ ಕೆಳಗೆ ‘ಶಕ್ತಿ’ ಪೇಪರ್ ಓದುತ್ತಾ ಕೂತಿದ್ದರು. ನಾನು ರಟ್ಟಿನ ಫೋಟೋ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಪಿಯುಸಿಯ ಕತೆಯನ್ನೂ ಉದ್ದಕ್ಕೆ ಟೈಪ್ ಮಾಡಿ ಕಳಿಸಿದೆ. ಎರಡು ನೀಲಿ ಗೆರೆ ಬಂದವು. ಹತ್ತು ನಿಮಿಷ ‘ಟೈಪಿಂಗ್’ ಅಂತ ತೋರಿಸಿತು. ಕೊನೆಗೆ ಬಂದದ್ದು ಒಂದೇ ಸಾಲು:

‘ಎಲ್ಲ ಸರಿ, ಮೊಟ್ಟೆಗೆ ಯಾಕೆ ಬಿದ್ದಿಲ್ಲ?’