ತಗ್ಗುನಾಡಿನ ಸಿಂಪಿಯ ಔತಣ

ಅಮೆರಿಕಾ ಸಂಯುಕ್ತ ಸಂಸ್ಥಾನದ ಆಗ್ನೇಯತೀರದಲ್ಲಿ ದಕ್ಷಿಣ ಕ್ಯಾರೊಲೈನಾ ಎಂಬ ಪ್ರಾಂತವಿರುವುದು. ಅದರ ಹಳೆಯ ರೇವುಪಟ್ಟಣವಾದ ಚಾರ್ಲ್ಸ್‌ಟನ್ನಿನ ಸುತ್ತಣ ಸೀಮೆಯನ್ನು ಅಲ್ಲಿಯವರು ‘ತಗ್ಗುನಾಡು’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಹೆಸರು ಅನ್ವರ್ಥವಾಗಿದೆ. ಬೆಟ್ಟವಿಲ್ಲ, ಬಂಡೆಯಿಲ್ಲ, ಕಣ್ಣು ಹರಿದಷ್ಟು ದೂರವೂ ಜವುಗುಹುಲ್ಲು, ಅದರ ನಡುವೆ ಹಾವಿನಂತೆ ಹರಿಯುವ ಉಪ್ಪುನೀರಿನ ಕಾಲುವೆಗಳು. ದಿನಕ್ಕೆರಡು ಸಲ ಭರತವಿಳಿದಾಗ ನೀರು ಐದಾರು ಅಡಿ ತಗ್ಗುತ್ತದೆ. ಆಗ ಕೆಸರಿನ ದಂಡೆಗಳಲ್ಲಿ ಬೂದುಬಣ್ಣದ ಗೊಂಚಲು ಗೊಂಚಲಾಗಿ ತಲೆಯೆತ್ತುವುದೇ ಸಿಂಪಿ, ಸಂಸ್ಕೃತದಲ್ಲಿ ಶುಕ್ತಿ. ಇದು ನಮ್ಮ ಕಾವ್ಯಗಳ ಮುತ್ತಿನ ಸಿಂಪಿಯಲ್ಲ. ಒಳಗಿನ ಮಾಂಸಕ್ಕಾಗಿಯೇ ಜನರು ಬಯಸುವ ಜಾತಿ.

ಮಗನ ಉದ್ಯೋಗದ ನಿಮಿತ್ತವಾಗಿ ಆ ಊರಿನಲ್ಲಿ ಒಂದು ಚಳಿಗಾಲವನ್ನು ಕಳೆಯುವ ಯೋಗ ನನಗೆ ಒದಗಿತು. ಚಳಿ ಬಿದ್ದೊಡನೆ ಹಿತ್ತಲಿನಲ್ಲಿ ಬೆಂಕಿ ಹೊತ್ತಿಸಿ, ಸಿಂಪಿಗಳನ್ನು ಸುಟ್ಟು, ನೆಂಟರಿಷ್ಟರೊಡನೆ ನಿಂತುಕೊಂಡೇ ತಿನ್ನುವುದು ಅಲ್ಲಿನ ಗೃಹಸ್ಥರ ಸಂಪ್ರದಾಯ. ನಾನು ಶಾಕಾಹಾರಿ; ಆದರೂ ನೋಡಿ ತಿಳಿಯುವುದಕ್ಕೆ ಅದು ಅಡ್ಡಿಯಾಗಲಿಲ್ಲ. ನೆರೆಮನೆಯ ಯಜಮಾನರು ಔತಣದ ಸಾಮಗ್ರಿಯನ್ನು ಕೊಳ್ಳಹೊರಟಾಗ ನನ್ನನ್ನೂ ಕರೆದೊಯ್ದರು.

ಕಾಲುವೆಯ ದಡದಲ್ಲಿ ಒಂದು ಹಲಗೆಯ ಅಂಗಡಿ. ಸರಕು ‘ಬುಷೆಲ್’ ಎಂಬ ಅಳತೆಯಲ್ಲಿ ಮಾರಾಟವಾಗುತ್ತದೆ. ಒಂದು ಬುಷೆಲ್ ಎಂದರೆ ಸುಮಾರು 35 ಲೀಟರಿನ ಪ್ರಮಾಣ. ಯಜಮಾನರು ಬೆಲೆಯನ್ನು ಕೇಳುವುದಕ್ಕೆ ಮೊದಲು ಚೀಲಕ್ಕೆ ಕಟ್ಟಿದ್ದ ಚೀಟಿಯನ್ನು ಓದಿದರು. ಯಾವ ನೀರಿನಿಂದ, ಯಾವ ದಿನ, ಯಾರು ತೆಗೆದದ್ದು ಎಂಬುದೆಲ್ಲ ಅದರಲ್ಲಿರಬೇಕು; ಚೀಲ ಬರಿದಾದ ಮೇಲೂ ವರ್ತಕನು ಆ ಚೀಟಿಯನ್ನು 90 ದಿನ ಕಾದಿಡಬೇಕು. ಇಷ್ಟು ಕಟ್ಟುಪಾಡಿಗೆ ಕಾರಣವುಂಟು. 1924-25ರ ಚಳಿಗಾಲದಲ್ಲಿ ಚರಂಡಿಯ ಹೊಲಸು ಸೇರಿದ ನೀರಿನ ಸಿಂಪಿಗಳನ್ನು ತಿಂದು, ನ್ಯೂಯಾರ್ಕ್, ಷಿಕಾಗೊ ಮೊದಲಾದ ನಗರಗಳಲ್ಲಿ ವಿಷಮಶೀತಜ್ವರ ಹಬ್ಬಿ, ಸುಮಾರು 150 ಮಂದಿ ಮೃತರಾದರು. ಆ ದುಃಖದಿಂದಲೇ 1925ರಲ್ಲಿ ಈ ಕಟ್ಟುಪಾಡುಗಳಿಗೆ ಅಸ್ತಿಭಾರ ಬಿದ್ದಿತು.

ಬದುಕಿರುವ ಸಿಂಪಿ ಬಾಯನ್ನು ಬಿಗಿಹಿಡಿದಿರುತ್ತದೆ. ತುಸು ತೆರೆದಿದ್ದರೂ ತಟ್ಟಿದೊಡನೆ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದುದನ್ನು ಬಿಸುಡಬೇಕು. ಮನೆಗೆ ತಂದುದನ್ನು ಒದ್ದೆಬಟ್ಟೆ ಹೊದಿಸಿ ತಂಪಿನಲ್ಲಿಡಬೇಕೇ ಹೊರತು ಸಿಹಿನೀರಿನಲ್ಲಿ ಮುಳುಗಿಸಬಾರದು. ಉಪ್ಪುನೀರಿನ ಜೀವಿ ಅದರಲ್ಲಿ ಸತ್ತುಹೋಗುತ್ತದೆ. ಬೆಚ್ಚನೆಯ ಸಮುದ್ರದಲ್ಲಿ ‘ವಿಬ್ರಿಯೊ’ ಎಂಬ ರೋಗಾಣು ಹೆಚ್ಚುವುದು. ಬಣ್ಣದಿಂದಲೂ ವಾಸನೆಯಿಂದಲೂ ಅದನ್ನು ಗುರುತಿಸಲಾಗದು. ನಿಂಬೆಯ ಹುಳಿಗೆ ಅದು ಜಗ್ಗದು. ಚೆನ್ನಾಗಿ ಬೇಯಿಸಿದರೆ ಮಾತ್ರ ನಾಶವಾಗುವುದು. ಯಕೃತ್ತಿನ ರೋಗವುಳ್ಳವರಿಗೆ ಹಸಿ ಸಿಂಪಿ ಪ್ರಾಣಾಂತಿಕವಾಗಬಹುದು. ಅಂದಿನ ಅತಿಥಿಗಳಲ್ಲಿ ಅಂತಹ ವೃದ್ಧರೊಬ್ಬರಿದ್ದರು. ಯಜಮಾನರು ಅವರ ಪಾಲನ್ನು ಬೇರೆಯಾಗಿಯೇ ಪೂರ್ತಿ ಬೇಯಿಸಿಕೊಟ್ಟರು. ಉಳಿದವರ ಅವಸರದ ಮಾತಿಗೆ ಕಿವಿಗೊಡಲಿಲ್ಲ.

ಅಡಿಗೆಯ ಕ್ರಮ ಸರಳವಾದುದು. ಇಟ್ಟಿಗೆಗಳ ಮೇಲೆ ಕಬ್ಬಿಣದ ತಗಡು, ಕೆಳಗೆ ಸೌದೆಯ ಬೆಂಕಿ. ಕೆಸರು ತೊಳೆದ ಗೊಂಚಲುಗಳನ್ನು ತಗಡಿನ ಮೇಲೆ ಹರಡಿ, ನೆನೆಸಿದ ಗೋಣಿಚೀಲವನ್ನು ಹೊದಿಸುತ್ತಾರೆ. ಹಬೆಗೆ ಚಿಪ್ಪುಗಳು ಬಾಯ್ಬಿಟ್ಟ ಮೇಲೂ ಕೆಲವು ನಿಮಿಷ ಬೇಯಿಸಿ, ಸಲಿಕೆಯಿಂದ ಮೊಗೆದು ಮೇಜಿನ ಮೇಲೆ ಸುರಿಯುತ್ತಾರೆ. ಒಂದು ಕೈಗೆ ದಪ್ಪ ಗವಸು, ಇನ್ನೊಂದರಲ್ಲಿ ಮೊಂಡು ಚೂರಿ. ಮೇಜಿನ ನಡುವೆ ಒಂದು ರಂಧ್ರ, ಅದರ ಕೆಳಗೆ ತೊಟ್ಟಿ. ಬರಿದಾದ ಚಿಪ್ಪು ಅಲ್ಲಿ ಬೀಳುತ್ತದೆ.

ವಾಚಕ ಮಹಾಶಯರೇ, ನಾನು ಹೇಳಬೇಕೆಂದಿರುವುದು ಆ ತೊಟ್ಟಿಯ ವಿಷಯ. ಮೊಟ್ಟೆಯಿಂದ ಹೊರಟ ಸಿಂಪಿಯ ಮರಿ ಎರಡು ಮೂರು ವಾರ ನೀರಿನಲ್ಲಿ ಅಲೆದು, ಬಳಿಕ ಗಟ್ಟಿಯಾದೊಂದು ನೆಲೆಯನ್ನು ಹುಡುಕಿ ಅಂಟಿಕೊಳ್ಳುತ್ತದೆ. ಮತ್ತೆ ಜನ್ಮವಿಡೀ ಅಲ್ಲಿಂದ ಕದಲದು. ಬಂಡೆಯಿಲ್ಲದ ಆ ಕೆಸರಿನ ನಾಡಿನಲ್ಲಿ ಗಟ್ಟಿನೆಲೆಯೆಂದರೆ ಹಿರಿಯ ಸಿಂಪಿಗಳ ಚಿಪ್ಪುಗಳೇ. ಗೊಂಚಲಾಗುವುದೂ ಇದರಿಂದಲೇ. ಚಿಪ್ಪನ್ನು ಕಸದೊಡನೆ ಹೂಳಿದರೆ ಮುಂದಿನ ಸಂತತಿಗೆ ಮನೆಯಿಲ್ಲ. ಸಿಂಪಿ ಹೋದರೆ ಕಾಲುವೆಯೂ ಕೆಡುವುದು. ಬೆಳೆದ ಒಂದು ಸಿಂಪಿ ಅನುಕೂಲ ಸ್ಥಿತಿಯಲ್ಲಿ ದಿನಕ್ಕೆ 190 ಲೀಟರಿನಷ್ಟು ನೀರನ್ನು ಸೋಸಬಲ್ಲುದು. ಅದರ ದಿಬ್ಬಗಳು ಅಲೆಯ ಹೊಡೆತವನ್ನು ತಡೆದು ದಂಡೆಯನ್ನು ಕಾಯುತ್ತವೆ.

ಆದಕಾರಣ ಆ ಪ್ರಾಂತದ ಸರಕಾರವು ಚಿಪ್ಪುಗಳನ್ನು ಒಪ್ಪಿಸಲು ಅಲ್ಲಲ್ಲಿ ಸ್ಥಳಗಳನ್ನೇರ್ಪಡಿಸಿದೆ. ಅವನ್ನು ತಿಂಗಳುಗಟ್ಟಲೆ ಬಿಸಿಲುಗಾಳಿಗಳಲ್ಲಿ ಶುದ್ಧಿಯಾಗಲು ಬಿಟ್ಟು, ಮತ್ತೆ ಕಾಲುವೆಯ ದಂಡೆಗಳಲ್ಲಿ ಹಾಸುತ್ತಾರೆ. ಔತಣದ ಮರುದಿನ ನಮ್ಮ ಯಜಮಾನರು ತೊಟ್ಟಿಯನ್ನು ಬಂಡಿಯಲ್ಲಿಟ್ಟುಕೊಂಡು ಅಲ್ಲಿಗೇ ಹೊರಟರು. “ಅಂಗಡಿಯಲ್ಲಿ ಕೊಟ್ಟದ್ದು ಅರ್ಧ ಬೆಲೆ, ಉಳಿದರ್ಧ ಇದು” ಎಂದರು.

ಆ ಸೀಮೆಯಲ್ಲಿ ಚಿಪ್ಪು ವ್ಯರ್ಥವಾದ ಕಾಲವೇ ಅಪರೂಪ. ಎಡಿಸ್ಟೊ ಸೀಮೆಯ ಫಿಗ್ ದ್ವೀಪದಲ್ಲಿ ಅಲ್ಲಿನ ಮೂಲನಿವಾಸಿಗಳು ಸುಮಾರು 4000 ವರ್ಷಗಳ ಹಿಂದೆ ಚಿಪ್ಪುಗಳನ್ನು ಉಂಗುರದಂತೆ ಒಟ್ಟಿದ ದಿಬ್ಬಗಳು ಇಂದಿಗೂ ಇವೆ. ಆಶ್ಲಿ ನದಿಯ ದಡದ ಡಾರ್ಚೆಸ್ಟರಿನಲ್ಲಿ 1757ರಲ್ಲಿ ಕಟ್ಟಿದ ಕೋಟೆಯ ಗೋಡೆ, ಚಿಪ್ಪಿನ ಸುಣ್ಣ, ಮರಳು, ಚಿಪ್ಪುಗಳನ್ನು ಕಲಸಿ ಎರೆದುದು. ನಮ್ಮ ಕರಾವಳಿಯಲ್ಲಿಯೂ ಚಿಪ್ಪನ್ನು ಸುಟ್ಟು ಸುಣ್ಣ ಮಾಡಿ ಮನೆಗೂ ಎಲೆಯಡಕೆಗೂ ಬಳಸಿದವರು ನಾವಲ್ಲವೇ?

ಶುಕ್ತಿಯನ್ನು ಕಂಡು ರಜತವೆಂದು ಭ್ರಮಿಸುವವನ ದೃಷ್ಟಾಂತವನ್ನು ವೇದಾಂತಿಗಳು ಹೇಳುತ್ತಾರೆ. ತಿಂದುಳಿದ ಶುಕ್ತಿಯನ್ನು ಕಸವೆಂದು ತಿಳಿಯುವುದೂ ಅಂತಹುದೇ ಒಂದು ಭ್ರಮೆ. ನೀರು ಕೊಟ್ಟುದನ್ನು ಉಂಡ ಗೃಹಸ್ಥನು ನೀರಿನ ಪಾಲನ್ನು ನೀರಿಗೆ ಹಿಂದಿರುಗಿಸುವ ಈ ಪದ್ಧತಿ, ನದಿ ಸಮುದ್ರಗಳನ್ನು ನಂಬಿ ಬಾಳುವ ಯಾವ ನಾಡಿನವರಿಗೂ ಅನುಕರಣೀಯವಾಗಿದೆ.