ಕಲ್ಲುಬಾನಿಯ ಬಳಿಯ ಕರೆ

ಮೃಗಶಿರ ಮಳೆ ಚಚಡಿಯ ಎರೆನೆಲವನ್ನು ನೆನೆಸಿದ ಇರುಳು, ಹಿತ್ತಿಲ ಕಲ್ಲುಬಾನಿಯ ಬಳಿ ‘ಟಕ ಟಕ’ ಸದ್ದು ಹೊರಡುತ್ತದೆ. ಕೂಗುವವನು ಗಂಡು ಮರಗಪ್ಪೆ. ಬಾಯಿ ಮುಚ್ಚಿಯೇ ಇರುತ್ತದೆ. ಶ್ವಾಸಕೋಶದ ಗಾಳಿ ಗಂಟಲನ್ನು ಹಾಯ್ದು ಗದ್ದದಡಿಯ ಚೀಲವನ್ನು ಉಬ್ಬಿಸಿ ಮರಳುತ್ತದೆ. ಅದೇ ಅವನ ತಂಬೂರಿಯ ಬುರುಡೆ! ಹೆಣ್ಣಾದರೋ ಕತ್ತಲಲ್ಲಿ ಸ್ವಜಾತಿಯ ದನಿಯನ್ನೇ ಗುರುತಿಸಿ, ಅದರ ಜಾಡು ಹಿಡಿದು ಬರುತ್ತಾಳೆ.

ಕೂಗಿನಲ್ಲಿ ಪ್ರಾಣಭಯವೂ ಉಂಟು. ಪನಾಮದ ಕಾಡಿನಲ್ಲಿ ಕಪ್ಪೆಯ ದನಿ ಕೇಳಿಯೇ ಬೇಟೆಗೆ ಬರುವ ಬಾವಲಿಗಳಿವೆ. ಆದರೆ ಸುಮ್ಮನಿದ್ದವನಿಗೆ ಹೆಣ್ಣು ದೊರೆತೀತೆ?

ಗಂಡನ್ನು ಬೆನ್ನ ಮೇಲೆ ಹೊತ್ತೇ ಹೆಣ್ಣು, ತಾನು ಸ್ರವಿಸಿದ ದ್ರವವನ್ನು ಹಿಂಗಾಲುಗಳಿಂದ ಕಡೆದು ನೊರೆಯೆಬ್ಬಿಸಿ, ನೀರಿನ ಮೇಲಣ ಅಂಚಿನಲ್ಲಿ ಮೊಟ್ಟೆಯಿಡುತ್ತಾಳೆ. ಕೆಲವು ದಿನಗಳಲ್ಲಿ ಮರಿಗಳು ಕೆಳಗೆ ಜಾರಬೇಕು. ಅಷ್ಟರಲ್ಲಿ ಯಾರಾದರೂ ಬಾನಿಯನ್ನು ಬರಿದು ಮಾಡಿದರೆ, ಬೀಳಲು ನೀರೇ ಇರದು.